ಹಿನ್ನೀರಿನ ಪ್ರವಾಸ ಸನ್ನಾಹ

ದೀಪಾವಳಿಯು ಕಳೆದು ಅಡಕೆಯ ಕೊಯ್ಲಿನ ಗಡಿಬಿಡಿ ಇನ್ನೂ ಪೂರ್ತಿಯಾಗಿ ಮೊದಲಾಗದಿರುವ ಹದಿನೈದಿಪ್ಪತ್ತು ದಿನಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮನೆಗಳಿಗೆ ಪಟ್ಟಣವಾಸಿಗಳಾದ ಮಕ್ಕಳೂ ಮೊಮ್ಮಕ್ಕಳೂ ಬರುವುದು ವಾಡಿಕೆ. ಹಿಂದೆ ಅವರು ಬಂದರೆ ಜೋಗ, ಉಂಚಳ್ಳಿ, ಮಾಗೋಡು, ಬನವಾಸಿ ಎಂದು ನೋಡತಕ್ಕ ಸ್ಥಳಗಳನ್ನು ನೋಡಿ ಸಂಜೆಗೆ ಮನೆಯನ್ನು ಸೇರುತ್ತಿದ್ದರು. ಈಗ ಅಷ್ಟಕ್ಕೆ ತೃಪ್ತಿಯಿಲ್ಲ. ದೋಣಿಯನ್ನು ತಾವೇ ಹುಟ್ಟುಹಾಕಿ ನಡೆಯಿಸಬೇಕು, ಕಾಡಿನ ನಡುವಿನ ನೀರಿನಲ್ಲಿ ಹೋಗಬೇಕು, ನಡುಗಡ್ಡೆಯೊಂದರ ಮೇಲೆ ಗುಡಾರವನ್ನು ಹೂಡಿ ಎರಡು ರಾತ್ರಿ ಮಲಗಿ ಬರಬೇಕು. ನಮ್ಮ ಮನೆಯಲ್ಲಿ ಈ ಬೇಡಿಕೆಯು ಹೋದ ವರ್ಷ ಬಂದಿತು. ಈ ವರ್ಷ ಪುನಃ ಬಂದಿದೆ. ಬೇಡವೆನ್ನುವುದು ಸುಲಭವೇ ಸರಿ. ಆದರೆ ಬೇಡವೆನ್ನಿಸಿಕೊಂಡ ತರುಣರು ಹೇಳದೆ ಹೋಗುವುದುಂಟು. ಹೇಳದೆ ಹೋದವರ ಬಳಿ ಸನ್ನಾಹವೆಂಬುದೇ ಇರುವುದಿಲ್ಲ. ಆದುದರಿಂದ ಹೋಗುವುದಾದರೆ ಹೇಗೆ ಹೋಗತಕ್ಕದ್ದೆಂಬುದನ್ನು ವಿಚಾರಮಾಡಿ ಬರೆದಿಡುವುದೇ ಮೇಲೆಂದು ನಮಗೆ ತೋರಿತು.

ಈ ವಿಷಯದಲ್ಲಿ ಬರೆಯಲು ನಿಮಗೇನು ಅಧಿಕಾರವೆಂದು ವಾಚಕರು ಕೇಳಬಹುದು. ತಪ್ಪುಮಾಡಿದವನ ಅಧಿಕಾರವಷ್ಟೇ. ನಾವು ಸಂಸ್ಕೃತ ಪಾಠವನ್ನು ಹೇಳುತ್ತಿದ್ದ ಕಾಲದಲ್ಲಿ, ಇಂದಿಗೆ ಹದಿನಾರು ವರ್ಷಗಳ ಹಿಂದೆ, ಒಂಬತ್ತು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಶರಾವತಿಯ ಹಿನ್ನೀರಿಗೆ ಹೋಗಿದ್ದೆವು. ಎರಡು ಹರಿಗೋಲುಗಳು ದೊರೆತುವು. ಬೆಳಿಗ್ಗೆ ನೀರು ಕನ್ನಡಿಯಂತಿದ್ದುದನ್ನು ಕಂಡು ಎದುರಿನ ನಡುಗಡ್ಡೆಗೆ ಹೋಗಿ ಊಟಮಾಡಿ ಬರುವುದೆಂದು ಹೊರಟೆವು. ಹಿಂದಿರುಗುವಾಗ ಮಧ್ಯಾಹ್ನ ಎರಡು ಗಂಟೆ ಮೀರಿತ್ತು. ಆ ಹೊತ್ತಿಗೆ ಎದ್ದ ಗಾಳಿಯಲ್ಲಿ ಹರಿಗೋಲು ಮುಂದಕ್ಕೆ ಹೋಗಲೊಲ್ಲದು. ಬುಗುರಿಯಂತೆ ತಿರುಗುತ್ತ ಗಾಳಿಯು ನೂಕಿದತ್ತ ಸಾಗಿತು. ಹುಡುಗರ ಮೈಮೇಲೆ ತೇಲುವ ಜಾಕೆಟ್ಟುಗಳಿರಲಿಲ್ಲ. ನಾವು ಎಲ್ಲಿಗೆ ಹೋಗಿರುವೆವೆಂದು ಯಾರ ಮನೆಯಲ್ಲಿಯೂ ಬರೆದಿಟ್ಟಿರಲಿಲ್ಲ. ಎರಡು ತಾಸು ಹೋರಾಡಿ ಗುರುತಿಲ್ಲದ ದಡವೊಂದನ್ನು ಮುಟ್ಟಿ, ರಾತ್ರಿಯೆಲ್ಲ ಅಲ್ಲಿಯೇ ಕುಳಿತು, ಮರುದಿನ ಬೆಳಿಗ್ಗೆ ಮೀನುಗಾರನೊಬ್ಬನ ಹಿಂದೆ ಬಂದೆವು. ಯಾರಿಗೂ ಅಪಾಯವಾಗಲಿಲ್ಲ. ಆದರೆ ದಡದ ಮೇಲೆ ರಾತ್ರಿಯಿಡೀ ಕಾದಿದ್ದ ತಂದೆತಾಯಿಗಳ ಮುಖವನ್ನು ನಾವು ನೋಡಬೇಕಾಯಿತು. ಒಬ್ಬ ತಾಯಿಯು ನಮಗೆ ಒಂದು ಮಾತನ್ನೂ ಆಡದೆ ಮಗನ ಕೈಯನ್ನು ಹಿಡಿದುಕೊಂಡು ಹೊರಟುಹೋದರು. ಬೈದವರ ಮಾತುಗಳು ಮರೆತಿವೆ, ಅದು ಮರೆತಿಲ್ಲ.

ಮೊದಲನೆಯ ಪ್ರಶ್ನೆ, ಯಾವ ನೀರು ಎಂಬುದು. ಅಮೆರಿಕದ ಮಿನೆಸೋಟ ರಾಜ್ಯದ ಉತ್ತರದಂಚಿನಲ್ಲಿ, ಕೆನಡಾ ದೇಶದ ಗಡಿಗೆ ತಾಗಿ, ಹಿಮನದಿಗಳು ಕೊರೆದ ಸಾವಿರಕ್ಕೂ ಮೇಲ್ಪಟ್ಟ ಸರೋವರಗಳುಳ್ಳ ಅರಣ್ಯವೊಂದುಂಟು. ಅಲ್ಲಿ ಜನರು ಕನೂ ಎಂಬ ಹಗುರವಾದ ನೀಳದೋಣಿಯಲ್ಲಿ ಒಂದು ಸರೋವರವನ್ನು ದಾಟಿ, ದೋಣಿಯನ್ನು ತಲೆಯ ಮೇಲೆ ಹೊತ್ತು ನಡೆದು, ಮುಂದಿನ ಸರೋವರಕ್ಕಿಳಿದು ವಾರಗಟ್ಟಲೆ ತಿರುಗುತ್ತಾರೆ. ನಮ್ಮ ಘಟ್ಟದಲ್ಲಿ ಅಂಥ ಸರೋವರಮಾಲೆಯಿಲ್ಲ. ಕೆರೆಗಳೇನೋ ಉಂಟು, ಯಲ್ಲಾಪುರದ ಕವಡೀಕೆರೆಯಂಥವು ನೋಡಲು ಅತಿ ರಮ್ಯ. ಆದರೆ ಕೆರೆಯಲ್ಲಿ ಯಾತ್ರೆಯಾಗದು. ನದಿಗಳೆಂದರೆ ಶಿರಸಿಯ ಸೆರಗಿನಲ್ಲಿ ಹುಟ್ಟುವ ಅಘನಾಶಿನಿಯು ಉಂಚಳ್ಳಿಯಲ್ಲಿ ೧೧೬ ಮೀಟರು ಧುಮುಕುತ್ತಾಳೆ. ಬೇಡ್ತಿಯು ಮಾಗೋಡಿನಲ್ಲಿ ಬೀಳುತ್ತಾಳೆ. ಶಾಲ್ಮಲೆಯು ಸಹಸ್ರಲಿಂಗದ ಬಂಡೆಗಳ ನಡುವೆ ಹರಿಯುತ್ತಾಳೆ. ಬಂಡೆಯೂ ಬೀಳೂ ಇರುವ ಇಂಥ ನದಿಗಳಲ್ಲಿ ಹೊಸಬರು ದೋಣಿಯಿಳಿಸತಕ್ಕದ್ದಲ್ಲ. ಬನವಾಸಿಯ ವರದೆಯು ಸೌಮ್ಯಳಾದರೂ ಮಳೆ ನಿಂತ ಕೆಲವು ತಿಂಗಳಲ್ಲಿಯೇ ಬಡವಾಗುತ್ತಾಳೆ.

ಉಳಿದವು ಅಣೆಕಟ್ಟುಗಳ ಹಿನ್ನೀರು. ಯಲ್ಲಾಪುರದವರಿಗೆ ಹತ್ತಿರವಾದದ್ದು ಕಾಳಿನದಿಯ ಕೊಡಸಳ್ಳಿ ಹಿನ್ನೀರು. ಸಾತೊಡ್ಡಿಯ ಅಬ್ಬಿಯ ನೀರು ಹೋಗಿ ಸೇರುವುದು ಅದನ್ನೇ. ಶಿವಪುರದ ತೂಗುಸೇತುವೆಯ ಮೇಲೆ ನಿಂತು ಅದನ್ನು ನೋಡಿದವರಿಗೆ ದೋಣಿಯ ಆಸೆ ಹುಟ್ಟದಿರುವುದು ಕಷ್ಟ. ಆದರೂ ಗೃಹಸ್ಥರ ಪ್ರವಾಸಕ್ಕೆ ಅದನ್ನು ನಾವು ಹೇಳುವುದಿಲ್ಲ. ಇಕ್ಕೆಲದಲ್ಲಿಯೂ ಗುಡ್ಡಗಳು ಕಡಿದಾಗಿ ನೀರಿಗಿಳಿಯುವುದರಿಂದ ಗುಡಾರಕ್ಕೆ ಸಮನೆಲ ದುರ್ಲಭ. ನಾಗಝರಿಯ ವಿದ್ಯುದಾಗಾರದಿಂದ ಹೊರಬೀಳುವ ನೀರು ಇಲ್ಲಿಗೇ ಬರುವುದರಿಂದ ನೀರಿನ ನಡತೆಯು ಯಂತ್ರಗಳ ಅಧೀನ. ಮೇಲಾಗಿ, ಕಾಳಿಯ ಕಣಿವೆಯ ಬಹುಭಾಗವು ೨೦೦೭ರಲ್ಲಿ ಹುಲಿಗಳಿಗಾಗಿ ರಕ್ಷಿತವಾದ ಅರಣ್ಯ. ದಾಂಡೇಲಿಯ ಸುತ್ತಣ ನೀರಿನಲ್ಲಿ ಮೊಸಳೆಗಳಿರುವುದೂ ಎಲ್ಲರಿಗೂ ತಿಳಿದ ಸಂಗತಿ.

ಹೀಗಾಗಿ ವಿಚಾರವು ಶರಾವತಿಗೇ ಬಂದು ನಿಲ್ಲುತ್ತದೆ. ಸಿದ್ದಾಪುರದಿಂದ ತಾಳಗುಪ್ಪಕ್ಕೆ ಬಂದು ಒಳದಾರಿಯನ್ನು ಹಿಡಿದರೆ ಹೊನ್ನೆಮರಡು ಎಂಬ ಊರು. ಜಿಲ್ಲೆಯ ಗಡಿಯು ದಾಟಿದರೂ ದೂರವೇನೂ ಅಲ್ಲ. ೧೯೬೪ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಇಲ್ಲಿ ವಿಶಾಲವಾಗಿ ಹರಡಿ, ಮುಳುಗಿದ ಗುಡ್ಡಗಳ ನೆತ್ತಿಗಳು ನಡುಗಡ್ಡೆಗಳಾಗಿ ನಿಂತಿವೆ. ಜಲಾಶಯವು ತುಂಬಿದಾಗ ನೀರಿನ ಹರವು ಸುಮಾರು ೩೦೦ ಚದರ ಕಿಲೋಮೀಟರು. ಹರಿಗೋಲು, ಕನೂ, ಕಯಾಕುಗಳನ್ನು ನಡೆಯಿಸುವ ಶಿಕ್ಷಣದಿಂದಲೇ ಹೊನ್ನೆಮರಡು ಹೆಸರು ಪಡೆಯಿತು. ಅಲ್ಲಿ ಕಲಿತು ನಡುಗಡ್ಡೆಯಲ್ಲಿ ಮಲಗಿ ಬಂದವರು ನಾಡಿನಲ್ಲೆಲ್ಲ ಇದ್ದಾರೆ. ಈ ವರ್ಷದ ಏರ್ಪಾಡು ಹೇಗೆಂಬುದನ್ನು ಮಾತ್ರ ಹೊರಡುವ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಇನ್ನು ಕಾಲನಿರ್ಣಯ. ಸನ್ನಾಹದಲ್ಲಿ ಅರ್ಧಭಾಗವು ಇದೇ ಎಂದು ನಮ್ಮ ಅಭಿಪ್ರಾಯ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ಆ ಮಾತನ್ನೇ ಎತ್ತಬೇಕಾಗಿಲ್ಲ. ಏಪ್ರಿಲು ಮೇ ತಿಂಗಳುಗಳಲ್ಲಿ ರಜೆಯಿರುವುದೆಂದು ಹಲವರು ಆಗ ಹೊರಡುತ್ತಾರೆ. ಆದರೆ ಆ ವೇಳೆಗೆ ನೀರು ಬಹಳವಾಗಿ ಇಳಿದು ದಡದ ಸುತ್ತ ಕೆಸರಿನ ಬಯಲಾಗಿರುತ್ತದೆ. ಸಂಜೆಯ ಗುಡುಗುಮಳೆಯು ಹೇಳದೆ ಬರುತ್ತದೆ. ನೀರು ಇಳಿಯುತ್ತ ಬಂದಂತೆ ಇನ್ನೊಂದು ಕಷ್ಟವುಂಟು. ಅರವತ್ತು ವರ್ಷಗಳಿಗೂ ಹಿಂದೆ ಮುಳುಗಿದ ಮರಗಳ ಬೊಡ್ಡೆಗಳು ನೀರಿನ ಮೇಲ್ಮೈಗೆ ಗೇಣಿನಷ್ಟು ಕೆಳಗೆ ಕಾಣದೆ ನಿಂತಿರುತ್ತವೆ. ಪೂರ್ತಿ ಹೊರಬಿದ್ದ ಬೊಡ್ಡೆಯು ಹಾದಿಯನ್ನು ತೋರಿಸುತ್ತದೆ, ಕಾಣದ ಬೊಡ್ಡೆಯು ದೋಣಿಯನ್ನು ಸೀಳುತ್ತದೆ. ಜಲಾಶಯದ ಪೂರ್ಣಮಟ್ಟವು ೧೮೧೯ ಅಡಿ. ಅಂದಂದಿನ ಮಟ್ಟವು ದಿನಪತ್ರಿಕೆಗಳಲ್ಲಿ ಬರುತ್ತದೆ. ಹೊರಡುವ ಒಂದು ತಿಂಗಳು ಮೊದಲಿನಿಂದ ಅದನ್ನು ನೋಡಿ ಬರೆದಿಡುತ್ತ ಬಂದರೆ ನೀರು ಯಾವ ವೇಗದಲ್ಲಿ ಇಳಿಯುತ್ತಿದೆಯೆಂಬುದು ಮಕ್ಕಳಿಗೂ ತಿಳಿಯುತ್ತದೆ; ಲೆಕ್ಕದ ಪಾಠವೂ ಆದಂತಾಯಿತು.

ಹಾಗಾದರೆ ಡಿಸೆಂಬರಿನಿಂದ ಮಾರ್ಚಿನವರೆಗೆ ಹೋಗಬಹುದಷ್ಟೆ ಎಂದರೆ, ಅಲ್ಲಿ ನಮ್ಮ ಸೀಮೆಗೇ ವಿಶೇಷವಾದ ತಡೆಯೊಂದಿದೆ: ಮಂಗನ ಕಾಯಿಲೆ. ೧೯೫೭ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟುದರಿಂದ ಲೋಕದ ವೈದ್ಯಗ್ರಂಥಗಳಲ್ಲೆಲ್ಲ ಆ ಊರಿನ ಹೆಸರೇ ನಿಂತಿದೆ. ಹರಡುವುದು ಉಣುಗಿನಿಂದ. ಕಾಡಿನ ತರಗೆಲೆಗಳ ನಡುವೆ ಸಾಸಿವೆಯಷ್ಟು ಸಣ್ಣ ಮರಿ ಉಣುಗುಗಳು ಹೆಚ್ಚುವುದು ಚಳಿಗಾಲದಿಂದ ಬೇಸಗೆಯವರೆಗೆ. ಕಾಯಿಲೆಯ ಕಾಲವೂ ಬಹುಮಟ್ಟಿಗೆ ಡಿಸೆಂಬರಿನಿಂದ ಮೇ ತಿಂಗಳವರೆಗೆ. ೨೦೨೪ರಲ್ಲಿ ಸಿದ್ದಾಪುರ ತಾಲೂಕಿನ ಹಳ್ಳಿಗಳು ಈ ಕಾಯಿಲೆಯಿಂದ ಪಟ್ಟ ಪಾಡನ್ನು ನಮ್ಮ ವಾಚಕರಲ್ಲಿ ಹಲವರು ಕಣ್ಣಾರೆ ಕಂಡಿದ್ದಾರೆ. ಹಳೆಯ ಲಸಿಕೆಯು ನಿಂತುಹೋಗಿದೆ. ಇದ್ದಕ್ಕಿದ್ದಂತೆ ಚಳಿಜ್ವರ, ತಲೆನೋವು, ಮೈಕೈ ನೋವು ಇದರ ಲಕ್ಷಣ. ಕಾಡಿಗೆ ಹೋಗಿ ಬಂದ ಎರಡು ವಾರಗಳೊಳಗೆ ಇವು ತೋರಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆವೆಂಬ ಮಾತನ್ನು ವೈದ್ಯರಿಗೆ ಮೊದಲು ಹೇಳತಕ್ಕದ್ದು. ಸತ್ತ ಮಂಗವನ್ನು ಕಂಡರೆ ಅತ್ತ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸತಕ್ಕದ್ದು.

ಇವೆಲ್ಲವನ್ನೂ ಕಳೆದರೆ ಉಳಿಯುವುದು ಅಕ್ಟೋಬರಿನ ಕೊನೆಯಿಂದ ನವೆಂಬರಿನ ಕೊನೆಯವರೆಗಿನ ಒಂದು ತಿಂಗಳು. ನೀರು ತುಂಬಿರುತ್ತದೆ, ಆಕಾಶವು ಬಿಳುಪಾಗಿರುತ್ತದೆ, ಉಣುಗು ಇನ್ನೂ ಹೆಚ್ಚಿರುವುದಿಲ್ಲ. ಆಗಲೂ ಕಾಲಿಗೆ ಉದ್ದನೆಯ ಷರಾಯಿ, ಕಾಲುಚೀಲ, ಇಲಾಖೆಯವರು ಕೊಡುವ ಡೀಪಾ ತೈಲ, ಸಂಜೆ ಮೈಯನ್ನೆಲ್ಲ ಪರೀಕ್ಷಿಸಿ ಬಿಸಿನೀರಿನಲ್ಲಿ ಮೀಯುವುದು, ಇವುಗಳನ್ನು ಬಿಡಲಾಗದು. ತರಗೆಲೆಯ ಮೇಲೆ ಕುಳಿತುಕೊಳ್ಳಬಾರದು; ಗುಡಾರವು ಬಯಲು ನೆಲದಲ್ಲಿರಬೇಕು. ಆ ತಿಂಗಳಿನ ಶುಕ್ಲಪಕ್ಷದಲ್ಲಿ ದಶಮಿಯಿಂದ ಹುಣ್ಣಿಮೆಯೊಳಗೆ ಹೊರಟರೆ ಬೆಳದಿಂಗಳೂ ದೊರೆಯುತ್ತದೆ. ಪಂಚಾಂಗದ ಉಪಯೋಗವು ಮದುವೆ ಮುಂಜಿಗಳಿಗೆ ಮಾತ್ರವಲ್ಲವಷ್ಟೆ.

ಕಾಲವು ಒಳ್ಳೆಯದಾದ ಮಾತ್ರಕ್ಕೆ ನೀರು ಒಳ್ಳೆಯದಾಗುವುದಿಲ್ಲ. ೨೦೨೪ರ ನವೆಂಬರಿನಲ್ಲಿ, ನಾವು ಈಗ ಹೊಗಳಿದ ತಿಂಗಳಿನಲ್ಲಿಯೇ, ಇದೇ ಹಿನ್ನೀರಿನ ಕಳಸವಳ್ಳಿಯ ಬಳಿ ದೋಣಿಯು ಮಗುಚಿ ಮೂವರು ತರುಣರು ಮುಳುಗಿಹೋದರು. ಆದುದರಿಂದ ಜಾಕೆಟ್ಟಿನ ಮಾತನ್ನು ನಾವು ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇವೆ. ತೇಲುವ ಜಾಕೆಟ್ಟು ತಲೆಗೊಂದು. ದೋಣಿಯ ಮೂಲೆಯಲ್ಲಿ ಮಡಿಸಿಟ್ಟ ಜಾಕೆಟ್ಟು ಮನೆಯಲ್ಲಿ ಬಿಟ್ಟುಬಂದುದಕ್ಕೆ ಸಮಾನ. ಅದು ಅವರವರ ತೂಕಕ್ಕೆ ತಕ್ಕುದಾಗಿರಬೇಕು; ತೊಡಿಸಿದ ಮೇಲೆ ಹೆಗಲ ಪಟ್ಟಿಯನ್ನು ಹಿಡಿದೆತ್ತಿದರೆ ಕಿವಿಯವರೆಗೆ ಜಾರಿಬರಬಾರದು. ಪ್ರತಿಯೊಂದಕ್ಕೂ ಒಂದು ಸೀಟಿಯನ್ನು ಕಟ್ಟಿರಬೇಕು. ಹತ್ತು ವರ್ಷದೊಳಗಿನ ಮಕ್ಕಳನ್ನು ಎರಡು ರಾತ್ರಿಯ ಪ್ರವಾಸಕ್ಕೆ ಕರೆದುಕೊಂಡು ಹೋಗಬಾರದೆಂಬುದು ನಮ್ಮ ಮತ, ಒಪ್ಪದವರು ಇರಬಹುದು. ಈಜು ಬಾರದವರಿಗಿಂತ ಈಜು ಬಲ್ಲೆನೆಂಬವರ ವಿಷಯದಲ್ಲಿಯೇ ನಮಗೆ ಹೆದರಿಕೆ ಹೆಚ್ಚು. ಜಾಕೆಟ್ಟನ್ನು ಮೊದಲು ಬಿಚ್ಚುವವರು ಅವರೇ.

ದೋಣಿ ಎಂಬುದು ಸಂಸ್ಕೃತದ ದ್ರೋಣಿ ಶಬ್ದದಿಂದ ಬಂದುದು. ಮರದ ತೊಟ್ಟಿ ಎಂದು ಅರ್ಥ. ಕನೂ ಎಂಬ ಮಾತು ಕ್ಯಾರಿಬಿಯನ್ ದ್ವೀಪವಾಸಿಗಳದು. ಸ್ಪೇನಿನವರ ಬಾಯಿಯಿಂದ ಲೋಕಕ್ಕೆ ಹಬ್ಬಿತು. ಅದೂ ಕೊರೆದ ಮರದ ತೊಟ್ಟಿಯೇ. ಇಂದಿನ ಕನೂ ಫೈಬರಿನದೋ ಪ್ಲಾಸ್ಟಿಕಿನದೋ ಆಗಿ ಹಗುರವಾಗಿರುತ್ತದೆ. ಬಿದಿರಿನ ಹರಿಗೋಲು ಹೊಳೆಯನ್ನು ದಾಟಲು ಉತ್ತಮ. ಅಗಲವಾದ ನೀರಿನಲ್ಲಿ ಗಾಳಿಗೆ ಅದರ ಗತಿಯೇನೆಂಬುದನ್ನು ನಾವು ಅನುಭವಿಸಿ ಹೇಳಿದ್ದೇವೆ. ಇಬ್ಬರು ಕೂರುವ ಕನೂವಿನಲ್ಲಿ ಹಿಂದೆ ಕೂತವನೇ ದಿಕ್ಕನ್ನು ನಿರ್ಣಯಿಸುವವನು. ಅವನಿಗೆ ನಮ್ಮವರು ಕರ್ಣಧಾರನೆಂದು ಹೆಸರಿಟ್ಟರು, ಕಿವಿ ಹಿಡಿದವನು ಎಂದು ಶಬ್ದಾರ್ಥ. ಮನೆಯಲ್ಲಿ ಯಾರು ಹಿರಿಯರಾದರೂ ನೀರಿನ ಮೇಲೆ ಅವನ ಮಾತೇ ನಡೆಯಬೇಕು. ಒಂಟಿ ದೋಣಿಯಲ್ಲಿ ಎಂದೂ ಹೋಗಬಾರದು. ನಾಲ್ವರಿಗೆ ಎರಡು ಕನೂ, ಜೊತೆಗೆ ಆ ನೀರಿನ ಬೊಡ್ಡೆಗಳನ್ನು ಬಲ್ಲ ಸ್ಥಳೀಯ ಅಂಬಿಗನ ಮೂರನೆಯ ದೋಣಿ. ಅಂಬಿಗನಿಗೆ ಕೊಡುವ ಹಣವನ್ನು ಉಳಿಸಹೋಗುವುದು ಜಾಣತನವಲ್ಲ. ಸಾಮಾನು ಹೇರಿದ ಮೇಲೆ ನೀರಿನಿಂದ ದೋಣಿಯ ಅಂಚಿನವರೆಗೆ ಆರು ಅಂಗುಲವಾದರೂ ಬಿಡುವಿರಬೇಕು. ಇಲ್ಲವಾದರೆ ಏನನ್ನಾದರೂ ಇಳಿಸತಕ್ಕದ್ದು. ದೋಣಿಯಲ್ಲಿ ಎದ್ದು ನಿಲ್ಲಬಾರದು. ಮಗುಚಿದರೆ ದಡದತ್ತ ಈಜದೆ ದೋಣಿಯನ್ನೇ ಹಿಡಿದು ತೇಲುತ್ತಿರಬೇಕು. ಫೋಟೋ ತೆಗೆಯುವ ಫೋನು ಹೋದರೆ ಹೋಗಲಿ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಮೊದಲನೆಯ ದಿನವನ್ನು ಇದಕ್ಕೇ ಮೀಸಲಿಟ್ಟು, ದಡದ ಬಳಿ ಎದೆಮಟ್ಟದ ನೀರಿನಲ್ಲಿ, ಜಾಕೆಟ್ಟು ತೊಟ್ಟು, ಬೇಕೆಂದೇ ದೋಣಿಯನ್ನು ಮಗುಚಿಸಿ ಅಭ್ಯಾಸ ಮಾಡತಕ್ಕದ್ದು. ನಗು ಬರುವುದೂ ಆಗಲೇ, ಹೆದರಿಕೆ ಬಿಡುವುದೂ ಆಗಲೇ.

ಅನುಮತಿಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇವೆ. ಶರಾವತಿ ಕಣಿವೆಯು ೧೯೭೨ರಲ್ಲಿಯೇ ಅಭಯಾರಣ್ಯವಾಯಿತು. ೨೦೧೯ರಲ್ಲಿ ಅಘನಾಶಿನಿಯ ಕಾಡುಗಳನ್ನೂ ಕೂಡಿಸಿಕೊಂಡು ಸಿಂಗಳೀಕಗಳ ಹೆಸರಿನಲ್ಲಿ ೯೩೦ ಚದರ ಕಿಲೋಮೀಟರಿಗೆ ವಿಸ್ತಾರವಾಯಿತು. ಯಾವ ನಡುಗಡ್ಡೆಯು ಒಳಗೆ, ಯಾವುದು ಹೊರಗೆ ಎಂಬುದು ನೀರಿನ ಮೇಲೆ ಬರೆದಿರುವುದಿಲ್ಲ. ಆದುದರಿಂದ ಕಾರ್ಗಲ್ಲಿನ ವನ್ಯಜೀವಿ ವಲಯದ ಕಚೇರಿಯಲ್ಲಿ ವಿಚಾರಿಸಿ, ಬರಹದಲ್ಲಿ ಅಪ್ಪಣೆಯನ್ನು ಪಡೆಯದೆ ಎಲ್ಲಿಯೂ ರಾತ್ರಿ ತಂಗಬಾರದು. ಬೆಂಕಿಯನ್ನು ಹಾಕಬಾರದು; ಅಪ್ಪಣೆಯಿದ್ದಲ್ಲಿ ಸಣ್ಣ ಒಲೆಯೊಂದು ಸಾಕು. ಹಿಂದೆ ಹೇಳಿದ ಮಿನೆಸೋಟದ ಸರೋವರಗಳಲ್ಲಿ ಒಂದು ತಂಡಕ್ಕೆ ಒಂಬತ್ತು ಜನ, ನಾಲ್ಕು ದೋಣಿ, ಅದಕ್ಕೆ ಮೀರಬಾರದೆಂದು ಕಟ್ಟಳೆ. ಗಾಜಿನ ಸೀಸೆಯನ್ನೂ ತಗಡಿನ ಡಬ್ಬಿಯ ಆಹಾರವನ್ನೂ ಒಳಗೆ ಒಯ್ಯುವಂತೆಯೇ ಇಲ್ಲ. ಈ ಕಟ್ಟಳೆಯನ್ನು ನಮ್ಮವರೂ ತಾವಾಗಿಯೇ ಹಾಕಿಕೊಂಡರೆ ಯಾರ ಅಭ್ಯಂತರವೂ ಇರದು. ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ಗಾಜಿನ ಭರಣಿಯಿಂದ ಬೇರೆ ಡಬ್ಬಕ್ಕೆ ತೆಗೆಯಬೇಕಾದೀತು, ಅಷ್ಟೇ.

ಆಹಾರದ ವಿಷಯದಲ್ಲಿ ಮನೆಯ ಹೆಂಗಸರು ನಮಗಿಂತ ಚೆನ್ನಾಗಿ ಬಲ್ಲರು. ನಾಲ್ವರಿಗೆ ಮೂರು ದಿನಕ್ಕೆ ಅಕ್ಕಿ ಎರಡು ಕಿಲೋ, ಅವಲಕ್ಕಿ ಒಂದೂವರೆ ಕಿಲೋ, ಹೆಸರುಬೇಳೆ ಅರ್ಧ ಕಿಲೋ, ಬೆಲ್ಲ, ಕಾಯಿ, ಒಣ ಹಪ್ಪಳ ಎಂದು ನಮ್ಮ ಪಟ್ಟಿ. ಕಷ್ಟವಿರುವುದು ನೀರಿನ ಲೆಕ್ಕದಲ್ಲಿ. ಸುತ್ತಲೂ ನೀರಿದ್ದು ಕುಡಿಯುವ ನೀರಿನ ಚಿಂತೆಯೇ ಎಂದು ಹುಡುಗರು ನಗುತ್ತಾರೆ. ದಿನಕ್ಕೆ ತಲೆಗೆ ಮೂರು ಲೀಟರೆಂದರೂ ನಾಲ್ವರಿಗೆ ಮೂರು ದಿನಕ್ಕೆ ೩೬ ಲೀಟರು, ಅಂದರೆ ೩೬ ಕಿಲೋ ಭಾರವಾಯಿತು. ಅಷ್ಟನ್ನೂ ಹೇರುವುದಕ್ಕಾಗುವುದಿಲ್ಲ. ಒಂದು ದಿನಕ್ಕೆ ಸಾಕಾಗುವ ೧೨ ಲೀಟರನ್ನು ಒಯ್ದು, ಮುಂದಿನದಕ್ಕೆ ಹಿನ್ನೀರನ್ನೇ ಬಟ್ಟೆಯಲ್ಲಿ ಸೋಸಿ, ಕೊತಕೊತನೆ ಕುದಿಸಿ ಕುಡಿಯುವುದು. ಆ ಕುದಿಸುವಿಕೆಗೆ ಬೇಕಾಗುವ ಇಂಧನವನ್ನು ಲೆಕ್ಕದಲ್ಲಿ ಸೇರಿಸುವುದನ್ನು ಮರೆಯುವವರೇ ಹೆಚ್ಚು. ಬಟ್ಟೆ, ಹಾಸಿಗೆ, ಬೆಂಕಿಪೊಟ್ಟಣಗಳನ್ನು ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ದೋಣಿಗೆ ಬಿಗಿಯತಕ್ಕದ್ದು. ಒಯ್ದುದೆಲ್ಲವೂ, ಎಂಜಲು ಎಲೆಯ ಹೊರತು, ಹಿಂದಕ್ಕೆ ಬರಬೇಕು.

ದಿನಚರಿಯು ಗಾಳಿಯನ್ನು ಅನುಸರಿಸಬೇಕು. ಹೊಸಬರು ನಿಧಾನವಾಗಿ ಹುಟ್ಟುಹಾಕಿದರೆ ತಾಸಿಗೆ ಮೂರು ಕಿಲೋಮೀಟರು ಹೋಗಬಹುದು. ಬೆಳಿಗ್ಗೆ ಆರೂವರೆಯಿಂದ ಹತ್ತೂವರೆಯವರೆಗೆ ನಾಲ್ಕು ತಾಸು. ಲೆಕ್ಕಕ್ಕೆ ೧೨ ಕಿಲೋಮೀಟರಾದರೂ ವಿಶ್ರಾಂತಿ, ದಾರಿ ತಪ್ಪುವಿಕೆ, ತೋಳು ನೋವು ಎಲ್ಲವನ್ನೂ ಕಳೆದು ಏಳೆಂಟು ಕಿಲೋಮೀಟರಿಗಿಂತ ಹೆಚ್ಚನ್ನು ಗೊತ್ತುಮಾಡಬಾರದು. ದಡವನ್ನು ಸವರಿಕೊಂಡೇ ಸಾಗಬೇಕು. ಕಳಸವಳ್ಳಿಯ ಬಳಿ ೨೦೨೫ರ ಜುಲೈಯಲ್ಲಿ ತೆರೆದ ಸಿಗಂದೂರು ಸೇತುವೆಯು ಎರಡು ಕಿಲೋಮೀಟರಿಗೂ ಉದ್ದ. ಹಿನ್ನೀರನ್ನು ಅಡ್ಡ ದಾಟುವುದೆಂದರೆ ಎಷ್ಟು ದೂರವಾದೀತೆಂಬುದಕ್ಕೆ ಅದನ್ನು ನೋಡಿದರೆ ಸಾಕು. ಹನ್ನೊಂದರ ಮೇಲೆ ದೋಣಿಗಳು ದಡದ ಮೇಲಿರತಕ್ಕದ್ದು. ಮಧ್ಯಾಹ್ನವು ನಿದ್ದೆಗೆ, ಹಕ್ಕಿಗಳನ್ನು ನೋಡುವುದಕ್ಕೆ, ಬೇಕಾದರೆ ಜಗಳಕ್ಕೆ.

ನಡುಗಡ್ಡೆಯಲ್ಲಿ ಕುಳಿತಾಗ ತರುಣರಿಗೆ ಹೇಳಬೇಕಾದ ಒಂದು ಸಂಗತಿಯುಂಟು. ಇದು ಯಾರೂ ಕಾಲಿಡದ ಕಾಡೆಂದು ಅವರು ಫೋನಿನಲ್ಲಿ ಬರೆದು ಕಳುಹಿಸುತ್ತಾರೆ. ಕೆಳಗಿರುವುದು ಗದ್ದೆ, ತೋಟ, ಅಂಗಳ. ೧೯೪೦ರ ದಶಕದಲ್ಲಿ ಮೈಸೂರು ಸಂಸ್ಥಾನದವರು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದರು. ಅದು ಕೆಲವು ಊರುಗಳನ್ನು ಮುಳುಗಿಸಿತು. ಇಪ್ಪತ್ತು ವರ್ಷ ತುಂಬುವುದರೊಳಗೆ ಲಿಂಗನಮಕ್ಕಿಯ ನೀರು ಬಂದು ಆ ಅಣೆಕಟ್ಟನ್ನೇ ಮುಳುಗಿಸಿತು. ನೀರು ತೀರ ಇಳಿದ ಬೇಸಗೆಗಳಲ್ಲಿ ಅದು ಇಂದಿಗೂ ಎದ್ದು ಕಾಣುತ್ತದೆ. ಮನೆಮಾರುಗಳನ್ನು ಬಿಟ್ಟು ಎದ್ದುಹೋದ ಸಾವಿರಾರು ಕುಟುಂಬಗಳಲ್ಲಿ ಹಲವಕ್ಕೆ, ಕೊಟ್ಟ ಭೂಮಿಯ ಹಕ್ಕಿನ ಪ್ರಶ್ನೆಯು ಆರು ದಶಕಗಳ ಮೇಲೂ ಇತ್ಯರ್ಥವಾಗಿಲ್ಲ. ದೋಣಿಗೆ ತಾಗುವ ಬೊಡ್ಡೆಯು ಅವರ ಬೆಟ್ಟದ ಮರದ್ದು. ಅಂಬಿಗನು ಅಂಥ ಮನೆಯವನೇ ಆಗಿರುವ ಸಂಭವವೂ ಉಂಟು. ಕೇಳಿದರೆ ಹೇಳುವನು, ಹೇಳದಿದ್ದರೆ ಒತ್ತಾಯಪಡಿಸಬಾರದು.

ಕೊನೆಯದಾಗಿ ಮನೆಯಲ್ಲಿ ಬಿಟ್ಟುಹೋಗುವ ಪತ್ರ. ಹಿನ್ನೀರಿನ ಬಹುಭಾಗದಲ್ಲಿ ಫೋನು ಕೆಲಸಮಾಡದಾದ್ದರಿಂದ ಇದರ ಅವಶ್ಯಕತೆ. ಹೋದವರ ಹೆಸರು, ಹೊರಡುವ ದಡ, ಪ್ರತಿ ರಾತ್ರಿ ತಂಗುವ ಸ್ಥಳ, ಅಂಬಿಗನ ಹೆಸರು ಮತ್ತು ಊರು, ದೋಣಿಗಳ ಬಣ್ಣ, ದಡಕ್ಕೆ ಮರಳುವ ದಿನ ಮತ್ತು ಗಂಟೆ, ಆ ಗಂಟೆ ಮೀರಿದರೆ ಎಷ್ಟು ಹೊತ್ತು ಕಾದು ೧೧೨ಕ್ಕೆ ಕರೆಮಾಡಬೇಕು ಎಂಬುದು, ಇಷ್ಟನ್ನೂ ಸ್ಪಷ್ಟವಾದ ಅಕ್ಷರದಲ್ಲಿ ಬರೆದಿಡತಕ್ಕದ್ದು. ಒಂದು ಪ್ರತಿಯು ಮನೆಯಲ್ಲಿ, ಇನ್ನೊಂದು ಹೊರಡುವ ಊರಿನಲ್ಲಿ. ಬರೆದ ಮೇಲೆ ನೀರಿನ ನಡುವೆ ಮನಸ್ಸು ಬದಲಾಯಿಸಿ ಬೇರೆ ನಡುಗಡ್ಡೆಗೆ ಹೋಗುವಂತಿಲ್ಲ.

ಈ ಪತ್ರವನ್ನು ನಾವು ಮೊನ್ನೆ ಬರೆದು ಸೊಸೆಯ ಕೈಯಲ್ಲಿ ಕೊಟ್ಟೆವು. ಮೂರನೆಯ ದಿನ ದಡಕ್ಕೆ ಮರಳುವ ವೇಳೆ ಮಧ್ಯಾಹ್ನ ಮೂರು ಗಂಟೆ ಎಂದು ಬರೆದಿದ್ದೆವು; ಹಿಂದಿನ ದಿನವೇ ಗಾಳಿಯ ವಿಷಯವಾಗಿ ಅಷ್ಟು ದೀರ್ಘವಾಗಿ ಉಪದೇಶಿಸಿದ್ದೆವೆಂಬುದು ನೆನಪಿಗೆ ಬರಲಿಲ್ಲ. ಅವಳು ಎರಡು ಬಾರಿ ಓದಿ, ಒಳಗಿನಿಂದ ಪೆನ್ನನ್ನು ತಂದು, ಮೂರನ್ನು ಹೊಡೆದುಹಾಕಿ ಹತ್ತು ಎಂದು ತಿದ್ದಿ, ಅಡಿಗೆಮನೆಯ ಬಾಗಿಲಿನ ಹಿಂದೆ ಅಂಟಿಸಿದಳು.